"ಎಲ್ಲ ಮೊದಲೇ ತೀರ್ಮಾನ ಆಗಿರುತ್ತೆ, ಸುಮ್ನೆ ನಮ್ಮನ್ನ ಕೇಳ್ತಾರೆ, ಅಲ್ವಾ?"

ಪ್ರಶ್ನೆ: ನಾವು ಶಿವಮೊಗ್ಗದ ಕಡೆಯವರು. ಕ್ಯಾಲಿಫೋರ್ನಿಯಾದ ಬೇ ಏರಿಯಾಕ್ಕೆ ಬಂದು ಹನ್ನೊಂದು ವರ್ಷ ಆಯಿತು. ಮಗಳು ಇಲ್ಲಿನ ಸರ್ಕಾರಿ ಎಲಿಮೆಂಟರಿ ಶಾಲೆಯಲ್ಲಿ ಮೂರನೇ ಕ್ಲಾಸು. ಮನೆಯಿಂದ ಏಳು ನಿಮಿಷದ ನಡಿಗೆ. ಮಕ್ಕಳ ಸಂಖ್ಯೆ ಕಡಿಮೆಯಾಗುತ್ತಿದೆ, ಮೂರು ಶಾಲೆ ಮುಚ್ಚಬೇಕಾಗಬಹುದು ಎಂದು ಸ್ಕೂಲ್ ಡಿಸ್ಟ್ರಿಕ್ಟ್‌ನವರು, ಅಂದರೆ ಇಲ್ಲಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆಯವರು, ಹೇಳಿದ್ದಾರೆ. ಪಟ್ಟಿಯಲ್ಲಿ ನಮ್ಮ ಶಾಲೆಯೂ ಇದೆ. ಆನ್‌ಲೈನ್ ಸರ್ವೆ ಕಳಿಸಿದರು, ತುಂಬಿದೆವು. ಊರವರ ಸಭೆ ಕರೆದರು, ಹೋದೆವು. ಕನ್ಸಲ್ಟೆಂಟ್ ಒಬ್ಬರು ಬಣ್ಣದ ಚೀಟಿ ಕೊಟ್ಟು "ಶಾಲೆಯಲ್ಲಿ ನಿಮಗೆ ಯಾವುದು ಮುಖ್ಯ" ಅಂತ ಬರೆದು ಗೋಡೆಗೆ ಅಂಟಿಸಲು ಹೇಳಿದರು. ಡಿಸ್ಟ್ರಿಕ್ಟ್ ನಡೆಸುವ ಸ್ಕೂಲ್ ಬೋರ್ಡ್‌ನ ಮೀಟಿಂಗಿನಲ್ಲಿ ಎರಡು ನಿಮಿಷ ಮಾತಾಡಿದೆ. ಐದು ಜನರಲ್ಲಿ ಒಬ್ಬರೂ ಉತ್ತರ ಕೊಡಲಿಲ್ಲ, "ಥ್ಯಾಂಕ್ ಯೂ, ನೆಕ್ಸ್ಟ್" ಅಂದರು ಅಷ್ಟೇ. ಜಾಗವನ್ನು ಬಿಲ್ಡರ್‌ಗೆ ಮಾರಲಿಕ್ಕೇ ಇದೆಲ್ಲ ನಾಟಕ ಅಂತ ವಾಟ್ಸಾಪ್ ಗ್ರೂಪಿನಲ್ಲಿ ಮಾತು. ಸಾವಿರಾರು ಸಹಿ ಹಾಕಿಸಿದರೆ ನಿಲ್ಲುತ್ತೆ ಅಂತ ಕೆಲವರು, ಲಾಯರ್ ಹಿಡಿಯೋಣ ಅಂತ ಕೆಲವರು. ನಾವಿನ್ನೂ ಎಚ್-1ಬಿ ವೀಸಾದಲ್ಲಿದ್ದೇವೆ, ವೋಟೂ ಇಲ್ಲ. ಊರಲ್ಲಾಗಿದ್ದರೆ ನೇರ ಬಿಇಒ ಆಫೀಸಿಗೆ ಹೋಗಿ ಕೇಳುತ್ತಿದ್ದೆವು. ಇವರು ನಿಜವಾಗಿ ಜನರ ಮಾತು ಕೇಳುತ್ತಾರಾ? ಮುಂದಿನ ಮೀಟಿಂಗಿನಲ್ಲಿ ಮತ್ತೆ ಎರಡು ನಿಮಿಷ ಸಿಕ್ಕರೆ ಏನು ಮಾತಾಡಲಿ?

ಉತ್ತರ: ಆ ಬಣ್ಣದ ಚೀಟಿಗಳಿಂದಲೇ ಶುರು ಮಾಡುತ್ತೇನೆ. ಕ್ಯಾಲಿಫೋರ್ನಿಯಾದ ಎರಡು ಸ್ಕೂಲ್ ಡಿಸ್ಟ್ರಿಕ್ಟ್‌ಗಳ ಪ್ಲಾನಿಂಗ್ ವಿಭಾಗದಲ್ಲಿ ನಾನು ಹದಿನಾರು ವರ್ಷ ಕೆಲಸ ಮಾಡಿದ್ದೇನೆ. ಸಭೆ ಮುಗಿದು ಎಲ್ಲರೂ ಮನೆಗೆ ಹೋದ ಮೇಲೆ ಆ ಚೀಟಿಗಳನ್ನು ಗೋಡೆಯಿಂದ ಕಿತ್ತು, ರಾತ್ರಿ ಕೂತು ಎಕ್ಸೆಲ್‌ಗೆ ಟೈಪ್ ಮಾಡುತ್ತಿದ್ದವನು ನಾನೇ. ಒಂದನ್ನೂ ಕಸದ ಬುಟ್ಟಿಗೆ ಹಾಕಿಲ್ಲ. ಆದರೆ ಆ ಚೀಟಿಗಳಿಂದ ಒಂದು ಶಾಲೆಯ ಹಣೆಬರಹ ಬದಲಾಗಿದ್ದನ್ನೂ ನಾನು ನೋಡಿಲ್ಲ. "ಮಕ್ಕಳ ಸುರಕ್ಷತೆ", "ಒಳ್ಳೆ ಟೀಚರ್", "ಚಿಕ್ಕ ಕ್ಲಾಸು". ಎಲ್ಲ ಸಭೆಯಲ್ಲೂ ಇದೇ ಬರುತ್ತದೆ. ಬೇರೇನು ಬರಲು ಸಾಧ್ಯ? ಕೆಟ್ಟ ಟೀಚರ್ ಬೇಕು ಅಂತ ಯಾರಾದರೂ ಬರೆಯುತ್ತಾರಾ? ಅಂಥ ಪ್ರಶ್ನೆ ಕೇಳಿದ ದಿನವೇ ಸಭೆಯ ಅರ್ಧ ಜೀವ ಹೋಗಿರುತ್ತದೆ.

ಹಾಗಾದರೆ ಎಲ್ಲ ನಾಟಕವೇ? ಅಲ್ಲ. ನಿಮ್ಮ ಸಿಟ್ಟು ಸರಿ, ಆದರೆ ಅದಕ್ಕೆ ಕೊಟ್ಟ ಕಾರಣ ಪೂರ್ತಿ ಸರಿಯಿಲ್ಲ.

ಶಾಲೆ ಮುಚ್ಚುವ ವಿಷಯದಲ್ಲಿ ಇರುವುದು ಒಂದು ಪ್ರಶ್ನೆಯಲ್ಲ, ಮೂರು. ಮುಚ್ಚಬೇಕಾ ಬೇಡವಾ? ಮುಚ್ಚುವುದಾದರೆ ಯಾವುದನ್ನು? ಮುಚ್ಚಿದ ಮೇಲೆ ಮಕ್ಕಳನ್ನು ಎಲ್ಲಿಗೆ, ಯಾವಾಗ, ಹೇಗೆ ಕಳಿಸುವುದು? ಊರವರನ್ನು ಕರೆಯುವ ಹೊತ್ತಿಗೆ ಮೊದಲನೆಯದು ಆಫೀಸಿನ ಒಳಗೆ ಬಹುಮಟ್ಟಿಗೆ ಗಟ್ಟಿಯಾಗಿರುತ್ತದೆ. ಎರಡನೆಯದು ಅರ್ಧ ತೆರೆದಿರುತ್ತದೆ. ಮೂರನೆಯದು ನಿಜವಾಗಿಯೂ ತೆರೆದಿರುತ್ತದೆ. ತೊಂದರೆ ಏನೆಂದರೆ ಈ ಮಾತನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಎಲ್ಲವೂ ತೆರೆದಿದೆ ಅನ್ನುವ ಹಾಗೆ ಕರೆಯುತ್ತಾರೆ. ಪೋಷಕರು ಮೊದಲ ಪ್ರಶ್ನೆಗೆ ಉತ್ತರ ಹೇಳಲು ಬರುತ್ತಾರೆ, ಆಫೀಸಿನವರು ಮೂರನೆಯದಕ್ಕೆ ಉತ್ತರ ಬರೆದುಕೊಳ್ಳಲು ಕಾಯುತ್ತಿರುತ್ತಾರೆ. ನಾನು ಕೆಲಸ ಮಾಡಿದ ಒಂದು ಕಡೆ "ಮುಚ್ಚುವುದು ಖಚಿತ, ಯಾವುದು ಅನ್ನುವುದನ್ನು ನೀವು ಹೇಳಿ ಅಂತ ನೇರ ಹೇಳಿಬಿಡೋಣ" ಎಂದು ಕೇಳಿದ್ದೆ. ಹಾಗೆ ಹೇಳಿದರೆ ಜನ ರೊಚ್ಚಿಗೇಳುತ್ತಾರೆ ಅಂದರು. ಹೇಳದೆಯೂ ರೊಚ್ಚಿಗೆದ್ದರು. ಅದು ಬೇರೆ ಮಾತು.

ಈಗ ಬೋರ್ಡಿನವರ ಮೌನ. ಇದರ ಬಗ್ಗೆ ನಮ್ಮ ಭಾರತೀಯ ಪೋಷಕರಲ್ಲಿ ತಪ್ಪು ತಿಳಿವಳಿಕೆ ಜಾಸ್ತಿ. ಕ್ಯಾಲಿಫೋರ್ನಿಯಾದಲ್ಲಿ 1953ರಿಂದ ಬ್ರೌನ್ ಆಕ್ಟ್ ಎಂಬ ಕಾಯ್ದೆ ಇದೆ. ಸರ್ಕಾರಿ ಮಂಡಳಿಗಳ ಸಭೆ ಬಹಿರಂಗವಾಗಿ ನಡೆಯಬೇಕು, ಅಜೆಂಡಾವನ್ನು 72 ಗಂಟೆ ಮುಂಚೆ ಪ್ರಕಟಿಸಬೇಕು, ಅಜೆಂಡಾದಲ್ಲಿ ಇಲ್ಲದ ವಿಷಯವನ್ನು ಚರ್ಚಿಸುವಂತಿಲ್ಲ ಎಂದು ಅದು ಹೇಳುತ್ತದೆ. ನೀವು ಸಭೆಯ ಶುರುವಿನಲ್ಲಿ, ಅಜೆಂಡಾದಲ್ಲಿ ಇಲ್ಲದ ಮಾತಿಗೆಂದು ಇಟ್ಟ ಸಮಯದಲ್ಲಿ ಮಾತಾಡಿದ್ದರೆ ಅವರು ನಿಮ್ಮ ಜೊತೆ ಚರ್ಚೆಗೆ ಇಳಿಯುವ ಹಾಗೇ ಇಲ್ಲ. ಒಂದೆರಡು ಮಾತಿನ ಸಣ್ಣ ಉತ್ತರ ಕೊಡಬಹುದು. ಎಷ್ಟೋ ಬೋರ್ಡ್‌ಗಳು ವಕೀಲರ ಮಾತು ಕೇಳಿ ಅದನ್ನೂ ಕೊಡುವುದಿಲ್ಲ. ಇನ್ನೊಂದು ವಿಷಯ: ಐದು ಜನರ ಬೋರ್ಡಿನಲ್ಲಿ ಮೂವರು ಸೇರಿ ಸಭೆಯ ಹೊರಗೆ ಈ ವಿಷಯ ಮಾತಾಡಿದರೆ ಅದೇ ಕಾಯ್ದೆಯ ಉಲ್ಲಂಘನೆ. ಇಮೇಲ್‌ನಲ್ಲಿ ಒಬ್ಬರಿಂದ ಒಬ್ಬರಿಗೆ ದಾಟಿಸಿದರೂ ಅಷ್ಟೇ. ಅದಕ್ಕೇ ನಿಮ್ಮ ಇಮೇಲ್‌ಗೆ "ಬರೆದಿದ್ದಕ್ಕೆ ಧನ್ಯವಾದ" ಅನ್ನುವ ಸಪ್ಪೆ ಉತ್ತರ ಬರುವುದು.

ಆದರೆ ಅದೇ ಕಾಯ್ದೆ ಒಬ್ಬ ಬೋರ್ಡ್ ಸದಸ್ಯರನ್ನು ನೀವು ಒಬ್ಬರೇ ಭೇಟಿಯಾಗುವುದನ್ನು ತಡೆಯುವುದಿಲ್ಲ. ಇದನ್ನು ನಮ್ಮವರು ಬಳಸುವುದೇ ಇಲ್ಲ. ಬೋರ್ಡ್ ಮೀಟಿಂಗಿನ ಎರಡು ನಿಮಿಷಕ್ಕಿಂತ ಕಾಫಿ ಅಂಗಡಿಯ ಇಪ್ಪತ್ತು ನಿಮಿಷಕ್ಕೆ ಹತ್ತು ಪಟ್ಟು ತೂಕ. ನೀವು ಬಿಇಒ ಆಫೀಸಿನ ಮಾತು ಎತ್ತಿದಿರಿ. ಕರ್ನಾಟಕದಲ್ಲಿ 2001ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಇರಬೇಕು, ಶಾಲೆಯ ಯೋಜನೆಯನ್ನು ಸಮಿತಿಯೇ ಮಾಡಬೇಕು. ಕಾಗದದ ಮೇಲೆ ಇದು ಇಲ್ಲಿಗಿಂತ ಜಾಸ್ತಿ. ಆದರೆ ಶಾಲೆ ಇರಬೇಕಾ, ಪಕ್ಕದ ಊರಿನ ಶಾಲೆಗೆ ಸೇರಿಸಬೇಕಾ ಎಂಬ ತೀರ್ಮಾನ ಆ ಸಮಿತಿಯ ಕೈಲಿಲ್ಲ, ಇಲಾಖೆಯ ಕೈಲಿದೆ. ಬಿಇಒ ಸಾಹೇಬರು ನಿಮ್ಮ ಮಾತು ಕೇಳಿ ಮೇಲಕ್ಕೆ ಬರೆಯುತ್ತಾರೆ. ಇಲ್ಲಿ ಉಲ್ಟಾ. ನಿಮ್ಮ ಶಾಲೆಗೆ ಅಂಥ ಅಧಿಕಾರದ ಸಮಿತಿ ಇಲ್ಲ, ಆದರೆ ತೀರ್ಮಾನ ಮಾಡುವ ಐದು ಜನ ನಿಮ್ಮ ಊರಿನವರೇ, ಜನ ಆರಿಸಿದವರೇ. ಶನಿವಾರ ಕಾಸ್ಟ್ಕೊ ಅಂಗಡಿಯಲ್ಲಿ ಗಾಡಿ ತಳ್ಳಿಕೊಂಡು ಎದುರಿಗೆ ಸಿಗುವವರು.

ಜಾಗ ಮಾರುವ ಗುಮಾನಿಗೆ ಬರೋಣ. ಬೇ ಏರಿಯಾದ ಭೂಮಿ ಬೆಲೆ ನೋಡಿದರೆ ಯಾರಿಗಾದರೂ ಅನುಮಾನ ಬರುತ್ತದೆ, ತಪ್ಪಿಲ್ಲ. ಆದರೆ ಹೆಚ್ಚುವರಿಯಾದ ಶಾಲೆ ಜಾಗವನ್ನು ಮಾರಲು ಅಥವಾ ಬಾಡಿಗೆಗೆ ಕೊಡಲು ಹೊರಟಾಗ ನಾಗರಿಕರ ಒಂದು ಸಲಹಾ ಸಮಿತಿ ಮಾಡಬೇಕು. ಏಳಕ್ಕಿಂತ ಕಡಿಮೆ ಇಲ್ಲ, ಹನ್ನೊಂದಕ್ಕಿಂತ ಜಾಸ್ತಿ ಇಲ್ಲ, ಹಾಗಾಗಿ ಅದಕ್ಕೆ "ಸೆವೆನ್-ಇಲೆವೆನ್ ಕಮಿಟಿ" ಅನ್ನುತ್ತಾರೆ. ಅದೇ ಹೆಸರಿನ ಅಂಗಡಿಗೂ ಇದಕ್ಕೂ ಸಂಬಂಧವಿಲ್ಲ! ನಾನು ನೋಡಿದ ಮಟ್ಟಿಗೆ ಮುಚ್ಚಿದ ಶಾಲೆಗಳನ್ನು ಖಾಸಗಿ ಶಾಲೆಗೋ ಪ್ರಿಸ್ಕೂಲ್‌ಗೋ ಬಾಡಿಗೆ ಕೊಡುವುದೇ ಹೆಚ್ಚು. ಮುಂದೆ ಮಕ್ಕಳ ಸಂಖ್ಯೆ ಏರಿದರೆ ಇಷ್ಟು ಜಾಗ ಮತ್ತೆ ಕೊಳ್ಳಲು ಆಗುವುದಿಲ್ಲ ಎಂಬುದು ಅವರಿಗೂ ಗೊತ್ತು. "ಬಿಲ್ಡರ್‌ಗೆ ಮಾರಿಬಿಟ್ಟಿದ್ದಾರೆ" ಅಂತ ಮೈಕಿನ ಮುಂದೆ ಹೇಳಿದರೆ ಒಂದು ನಷ್ಟ ಇದೆ. ಪುರಾವೆ ಇಲ್ಲದ ಆ ಒಂದು ಮಾತಿನಿಂದ ನಿಮ್ಮ ಉಳಿದ ಒಳ್ಳೆಯ ಮಾತುಗಳೂ ತೇಲಿಹೋಗುತ್ತವೆ.

ಹಾಗಾದರೆ ಯಾಕೆ ಮುಚ್ಚುತ್ತಾರೆ? ಮಕ್ಕಳು ನಿಜವಾಗಿಯೂ ಕಡಿಮೆಯಾಗಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ 1990ರಲ್ಲಿ 6 ಲಕ್ಷಕ್ಕೂ ಹೆಚ್ಚು ಮಕ್ಕಳು ಹುಟ್ಟಿದ್ದರು. ಈಗ ಅದು ವರ್ಷಕ್ಕೆ 4 ಲಕ್ಷದ ಆಸುಪಾಸು. ಸರ್ಕಾರಿ ಶಾಲೆಗಳಲ್ಲಿ ಒಂದು ಕಾಲಕ್ಕೆ 62 ಲಕ್ಷ ಮಕ್ಕಳಿದ್ದರು, ಈಗ ಸುಮಾರು 58 ಲಕ್ಷ. ಬೇ ಏರಿಯಾದಲ್ಲಿ ಇದರ ಮೇಲೆ ಮನೆ ಬೆಲೆಯ ಹೊಡೆತ ಬೇರೆ. ಚಿಕ್ಕ ಮಕ್ಕಳಿರುವ ದಂಪತಿಗೆ ಕೊಳ್ಳಲು ಆಗುವುದಿಲ್ಲ, ಮಕ್ಕಳು ಬೆಳೆದು ಹೋದ ಹಿರಿಯರು ಮನೆ ಬಿಡುವುದಿಲ್ಲ. 1978ರ ಪ್ರೊಪೊಸಿಷನ್ 13 ಎಂಬ ಕಾನೂನಿನಿಂದಾಗಿ ಹಳಬರ ಆಸ್ತಿ ತೆರಿಗೆ ಅಷ್ಟಾಗಿ ಏರುವುದಿಲ್ಲವಲ್ಲ, ಮತ್ಯಾಕೆ ಬಿಡಬೇಕು? ಮೂರು ಬೆಡ್‌ರೂಮಿನ ಮನೆಗಳು ತುಂಬಿವೆ, ಎರಡನೇ ಕ್ಲಾಸಿನ ಬೆಂಚು ಖಾಲಿ.

ರಾಜ್ಯದ ಹಣ ಬರುವುದು ಮಕ್ಕಳ ಹಾಜರಾತಿಯ ಲೆಕ್ಕದಲ್ಲಿ. ತಲೆಗೆ 10 ಸಾವಿರ ಡಾಲರ್‌ಗಿಂತ ಮೇಲೆ ಅಂದುಕೊಳ್ಳಿ. ಒಂದು ಶಾಲೆಯಲ್ಲಿ 30 ಮಕ್ಕಳು ಕಡಿಮೆಯಾದರೆ 3 ಲಕ್ಷ ಡಾಲರ್ ಹೋಯಿತು. ಆದರೆ ಆ ಮೂವತ್ತು ಮಕ್ಕಳು ಒಂದೇ ಕ್ಲಾಸಿನಿಂದ ಹೋಗಿರುವುದಿಲ್ಲ, ಒಂದೊಂದು ಕ್ಲಾಸಿನಿಂದ ನಾಲ್ಕೈದು ಜನ ಹೋಗಿರುತ್ತಾರೆ. ಟೀಚರ್ ಅಷ್ಟೇ ಬೇಕು, ಕರೆಂಟು ಅಷ್ಟೇ ಬೇಕು, ಪ್ರಿನ್ಸಿಪಾಲ್ ಒಬ್ಬರು ಬೇಕೇ ಬೇಕು. ಕೆಲವು ಡಿಸ್ಟ್ರಿಕ್ಟ್‌ಗಳ ಲೆಕ್ಕವೇ ಬೇರೆ. ಆಸ್ತಿ ತೆರಿಗೆಯೇ ಸಾಕಷ್ಟು ಬರುವ ಕಡೆ ಹಾಜರಾತಿಗೂ ಹಣಕ್ಕೂ ಅಷ್ಟು ನೇರ ನಂಟಿಲ್ಲ. ಅವಕ್ಕೆ "ಬೇಸಿಕ್ ಏಯ್ಡ್" ಡಿಸ್ಟ್ರಿಕ್ಟ್ ಅನ್ನುತ್ತಾರೆ. ನಿಮ್ಮದು ಯಾವ ಬಗೆ ಅಂತ ಮೊದಲು ಕೇಳಿ. ಇದನ್ನು ಕೇಳುವ ಪೋಷಕರು ನೂರಕ್ಕೆ ಒಬ್ಬರೂ ಇಲ್ಲ, ಕೇಳಿದವರ ಕಡೆಗೆ ಆಫೀಸಿನವರು ತಲೆ ಎತ್ತಿ ನೋಡುತ್ತಾರೆ.

ಇಲ್ಲಿ ಡಿಸ್ಟ್ರಿಕ್ಟ್‌ನವರು ಜೋರಾಗಿ ಹೇಳದ ಒಂದು ಮಾತನ್ನೂ ಹೇಳಿಬಿಡುತ್ತೇನೆ. ಒಂದು ಸಣ್ಣ ಶಾಲೆ ಮುಚ್ಚಿದರೆ ಉಳಿಯುವ ಹಣ ಜನ ಅಂದುಕೊಂಡಷ್ಟು ಇರುವುದಿಲ್ಲ. ಖರ್ಚಿನ ದೊಡ್ಡ ಪಾಲು ಸಂಬಳ. ಟೀಚರ್‌ಗಳು ಮಕ್ಕಳ ಹಿಂದೆಯೇ ಬೇರೆ ಶಾಲೆಗೆ ಹೋಗುತ್ತಾರೆ. ಉಳಿತಾಯವಾಗುವುದು ಪ್ರಿನ್ಸಿಪಾಲ್, ಆಫೀಸಿನ ಒಬ್ಬಿಬ್ಬರು, ಕಸ ಗುಡಿಸುವವರ ಸಂಬಳ, ಕರೆಂಟು, ರಿಪೇರಿ. ಹೀಗಾಗಿ "ಮುಚ್ಚಿದರೆ ನಿವ್ವಳ ಎಷ್ಟು ಉಳಿಯುತ್ತೆ, ಸ್ಥಳಾಂತರದ ಖರ್ಚು ಕಳೆದು ಹೇಳಿ" ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಇಲ್ಲದ ಯೋಜನೆಗಳು ಇರುತ್ತವೆ. ನಾನೇ ಅಂಥದೊಂದರ ಮೇಲೆ ಕೆಲಸ ಮಾಡಿದ್ದೇನೆ. ನಮ್ಮ ಮೊದಲ ಲೆಕ್ಕದಲ್ಲಿ ಸ್ಥಳಾಂತರದ ಖರ್ಚನ್ನೇ ಸೇರಿಸಿರಲಿಲ್ಲ. ಹಿಡಿದವರು ಒಬ್ಬ ಪೋಷಕರು, ವೃತ್ತಿಯಲ್ಲಿ ಅಕೌಂಟೆಂಟ್. ಅವರು ಕೂಗಾಡಲಿಲ್ಲ. ಒಂದು ಹಾಳೆಯಲ್ಲಿ ನಮ್ಮ ಅಂಕಿ, ಪಕ್ಕದಲ್ಲಿ ತಮ್ಮ ಅಂಕಿ ಬರೆದು ಬೋರ್ಡಿನ ಐವರಿಗೂ ಕಳಿಸಿದರು. ಆ ಯೋಜನೆ ಒಂದು ವರ್ಷ ಮುಂದಕ್ಕೆ ಹೋಯಿತು.

ಜನರ ಮಾತಿಗೆ ಬೆಲೆ ಸಿಗುವುದು ಯಾವಾಗ ಎಂದು ನೋಡಲು ಮೂರು ಊರು ಸಾಕು.

ಷಿಕಾಗೋದಲ್ಲಿ 2013ರಲ್ಲಿ ಒಂದೇ ಏಟಿಗೆ ಸುಮಾರು 50 ಶಾಲೆಗಳನ್ನು ಮುಚ್ಚಲು ಬೋರ್ಡ್ ಮತ ಹಾಕಿತು. ಅದಕ್ಕೆ ಮುಂಚೆ ಕಾನೂನಿನ ಪ್ರಕಾರ ಪ್ರತಿ ಶಾಲೆಗೂ ಸಭೆ, ವಿಚಾರಣೆ ಎಲ್ಲ ಆದವು. ಸಾವಿರಾರು ಜನ ಬಂದು ಬೇಡಿಕೊಂಡರು. ವಿಚಾರಣೆ ನಡೆಸಿದ ನಿವೃತ್ತ ನ್ಯಾಯಾಧೀಶರಲ್ಲಿ ಕೆಲವರು ಕೆಲವು ಶಾಲೆಗಳನ್ನು ಮುಚ್ಚಬಾರದು ಅಂತಲೇ ಬರೆದರು. ಪಟ್ಟಿಯಿಂದ ಬೆರಳೆಣಿಕೆಯಷ್ಟು ಹೆಸರು ಬಿಟ್ಟುಹೋದವು, ಅಷ್ಟೇ. ಕಾರಣ ಸರಳ. ಆಗ ಬೋರ್ಡಿನವರನ್ನು ನೇಮಿಸುತ್ತಿದ್ದವರು ಮೇಯರ್. ಮುಚ್ಚಿಸಿಕೊಂಡ ಊರವರಿಗೆ ಅವರನ್ನು ಇಳಿಸುವ ದಾರಿ ಇರಲಿಲ್ಲ. ಎರಡು ವರ್ಷದ ನಂತರ ಅದೇ ಊರಿನಲ್ಲಿ ಡಯೆಟ್ ಎಂಬ ಒಂದು ಹೈಸ್ಕೂಲಿಗಾಗಿ ಜನ 34 ದಿನ ಉಪವಾಸ ಮಾಡಬೇಕಾಯಿತು. 2016ರಲ್ಲಿ ಅದು ಮತ್ತೆ ತೆರೆಯಿತು. ಷಿಕಾಗೋದವರು ಬೋರ್ಡಿನ ಒಂದಷ್ಟು ಸದಸ್ಯರನ್ನಾದರೂ ಮತ ಹಾಕಿ ಆರಿಸಿದ್ದು 2024ರ ನವೆಂಬರ್‌ನಲ್ಲಿ.

ಸಿಯಾಟಲ್‌ನಲ್ಲಿ ಇದರ ತಿರುವು ಮುರುವು. 2024ರ ಸೆಪ್ಟೆಂಬರ್‌ನಲ್ಲಿ ಡಿಸ್ಟ್ರಿಕ್ಟ್ ಎರಡು ಯೋಜನೆ ಮುಂದಿಟ್ಟಿತು. ಒಂದರಲ್ಲಿ 17 ಶಾಲೆ ಮುಚ್ಚುವುದು, ಇನ್ನೊಂದರಲ್ಲಿ 21. ಪೋಷಕರು ತಿರುಗಿಬಿದ್ದರು. ಅಕ್ಟೋಬರ್‌ಗೆ ಅದು ನಾಲ್ಕಕ್ಕೆ ಇಳಿಯಿತು. ನವೆಂಬರ್‌ಗೆ ಸೊನ್ನೆ. ಜನರ ಮಾತು ಗೆದ್ದಿತು ಅನ್ನಬಹುದು. ಆದರೆ 9 ಕೋಟಿ ಡಾಲರ್ ದಾಟಿದ ಕೊರತೆ ಹಾಗೇ ಉಳಿಯಿತು. ಇಪ್ಪತ್ತೊಂದು ಶಾಲೆಯ ಪೋಷಕರು ಎರಡು ಮೂರು ತಿಂಗಳು ನಿದ್ದೆಗೆಟ್ಟಿದ್ದು ಉಳಿಯಿತು. ನನ್ನ ಪ್ರಕಾರ ಅದು ಜನರ ಮಾತು ಕೇಳಿದ್ದಲ್ಲ, ಹೆದರಿದ್ದು. ಕೇಳುವವರು ಪಟ್ಟಿ ಮಾಡುವ ಮುಂಚೆ ಕೇಳುತ್ತಾರೆ.

ನಿಮ್ಮ ಪಕ್ಕದ ಓಕ್‌ಲ್ಯಾಂಡ್‌ನದು ಮೂರನೆಯ ಬಗೆ. 2022ರ ಫೆಬ್ರವರಿಯಲ್ಲಿ ಬೋರ್ಡ್ ಹಲವು ಶಾಲೆ ಮುಚ್ಚಲು, ಸೇರಿಸಲು ತೀರ್ಮಾನಿಸಿತು. ಪ್ರತಿಭಟನೆ, ಉಪವಾಸ ಎಲ್ಲ ನಡೆದವು, ತೀರ್ಮಾನ ಬದಲಾಗಲಿಲ್ಲ. ನವೆಂಬರ್‌ನಲ್ಲಿ ಬೋರ್ಡಿಗೆ ಚುನಾವಣೆ ಬಂತು. 2023ರ ಜನವರಿಯಲ್ಲಿ ಹೊಸ ಬೋರ್ಡ್ ಕೂತು, ಮುಚ್ಚಬೇಕಿದ್ದ ಐದು ಶಾಲೆಗಳನ್ನು ಉಳಿಸಿತು. ಹಣದ ಕಷ್ಟ ಅಲ್ಲೂ ಮುಗಿದಿಲ್ಲ. ಆ ಹೊತ್ತಿಗೇ ರಾಜ್ಯದಲ್ಲಿ ಎಬಿ 1912 ಎಂಬ ಹೊಸ ಕಾನೂನೂ ಬಂತು. ಹಣಕಾಸಿನ ತೀವ್ರ ಸಂಕಷ್ಟದಲ್ಲಿರುವ ಡಿಸ್ಟ್ರಿಕ್ಟ್‌ಗಳು ಶಾಲೆ ಮುಚ್ಚುವ ಮುಂಚೆ ಯಾವ ಮಕ್ಕಳ ಮೇಲೆ ಎಷ್ಟು ಹೊರೆ ಬೀಳುತ್ತದೆ ಎಂದು ಅಧ್ಯಯನ ಮಾಡಿ, ಊರವರ ಮುಂದೆ ಇಡಬೇಕು. ನಿಮ್ಮ ಡಿಸ್ಟ್ರಿಕ್ಟ್ ಆ ಗುಂಪಿನಲ್ಲಿ ಇಲ್ಲದಿರಬಹುದು. ಆದರೂ ರಾಜ್ಯದ ಅಟಾರ್ನಿ ಜನರಲ್ 2023ರಲ್ಲಿ ಎಲ್ಲ ಡಿಸ್ಟ್ರಿಕ್ಟ್‌ಗಳಿಗೂ ಮಾರ್ಗಸೂಚಿ ಕಳಿಸಿದ್ದಾರೆ. "ಅದನ್ನು ಪಾಲಿಸುತ್ತಿದ್ದೀರಾ?" ಎಂದು ಒಂದು ಸಾಲಿನಲ್ಲಿ ಕೇಳಿ.

ಇನ್ನು ನಿಮಗೆ ಹಿಡಿಸದ ಮಾತೊಂದು ಇದೆ. ಸಹಿ ಸಂಗ್ರಹ ಕೆಲವೊಮ್ಮೆ ಕೆಲಸ ಮಾಡುತ್ತದೆ. ಆದರೆ ಯಾರ ಪರವಾಗಿ? ಸಂಜೆ ಬಿಡುವಿರುವವರ, ಇಂಗ್ಲಿಷ್ ಸಲೀಸಾಗಿ ಬರುವವರ, ಪವರ್‌ಪಾಯಿಂಟ್ ಮಾಡಲು ಬರುವವರ ಪರವಾಗಿ. ನಾನಿದ್ದ ಒಂದು ಕಡೆ ಪಟ್ಟಿಯಲ್ಲಿ ಎರಡು ಶಾಲೆಗಳಿದ್ದವು. ಒಂದರಿಂದ ಟೀ ಶರ್ಟ್ ಮಾಡಿಸಿಕೊಂಡು ಇನ್ನೂರು ಜನ ಬಂದರು. ಇನ್ನೊಂದರಿಂದ ಬಂದವರು ಹನ್ನೊಂದು ಜನ. ಆ ಶಾಲೆಯ ಹೆಚ್ಚಿನ ಪೋಷಕರು ಹೋಟೆಲ್ ಅಡುಗೆಮನೆಯಲ್ಲಿ, ಆಫೀಸು ಕ್ಲೀನಿಂಗಿನಲ್ಲಿ ರಾತ್ರಿ ಪಾಳಿ ಮಾಡುವವರು. ಮೀಟಿಂಗ್ ಇದ್ದದ್ದೇ ರಾತ್ರಿ. ಯಾವ ಶಾಲೆ ಮುಚ್ಚಿತು ಎಂದು ನಾನು ಹೇಳಬೇಕಿಲ್ಲ. "ಸಮುದಾಯದ ಅಭಿಪ್ರಾಯ ಪಡೆದು ತೀರ್ಮಾನಿಸಲಾಗಿದೆ" ಅಂತ ಆ ವರದಿಯಲ್ಲಿ ಬರೆದವರಲ್ಲಿ ನಾನೂ ಒಬ್ಬ. ಅದಾದ ಮೇಲೆ ನಾನು ಸಭೆಗೆ ಬಂದವರ ತಲೆ ಎಣಿಸುವುದನ್ನು ಬಿಟ್ಟು, ಬಾರದವರು ಯಾರು ಅಂತ ನೋಡಲು ಶುರು ಮಾಡಿದೆ. ನೀವು ಹೋರಾಡಬೇಡಿ ಎಂದು ಹೇಳುತ್ತಿಲ್ಲ. "ನಮ್ಮದನ್ನು ಬಿಡಿ, ಆ ಶಾಲೆ ಮುಚ್ಚಿ" ಎನ್ನುವ ದಾರಿಗೆ ಮಾತ್ರ ಹೋಗಬೇಡಿ. ಪಟ್ಟಿಯಲ್ಲಿರುವ ಉಳಿದ ಎರಡು ಶಾಲೆಯ ಪೋಷಕರಿಗೆ ಈ ವಾರವೇ ಫೋನ್ ಮಾಡಿ. ಮೂವರೂ ಸೇರಿ ಒಂದೇ ಪ್ರಶ್ನೆ ಕೇಳಿದರೆ ಒಬ್ಬರ ಮೇಲೊಬ್ಬರನ್ನು ಬಿಟ್ಟು ಪಾರಾಗಲು ಯಾರಿಗೂ ಆಗುವುದಿಲ್ಲ.

ಸಹಿ, ಟೀ ಶರ್ಟ್, ಗದ್ದಲದ ಇನ್ನೊಂದು ಅಪಾಯ ಹೇಳುತ್ತೇನೆ. "ಶಾಲೆ ಮುಚ್ಚುತ್ತಂತೆ" ಎಂಬ ಸುದ್ದಿ ಒಂದು ವರ್ಷ ಎಳೆದರೆ, ಕಿಂಡರ್‌ಗಾರ್ಟನ್‌ಗೆ ಸೇರಿಸಬೇಕಾದವರು ಬೇರೆ ಕಡೆ ನೋಡಿಕೊಳ್ಳುತ್ತಾರೆ. ಮಕ್ಕಳ ಸಂಖ್ಯೆ ಇನ್ನೂ ಇಳಿಯುತ್ತದೆ. ಮರು ವರ್ಷ ನಿಮ್ಮ ಶಾಲೆಯೇ ಪಟ್ಟಿಯ ತುದಿಗೆ ಬಂದು ನಿಲ್ಲುತ್ತದೆ. ಮುಂದೂಡಿಸಿ ಗೆದ್ದೆವು ಅಂದುಕೊಂಡವರು ಹೀಗೆ ಸೋತದ್ದನ್ನು ನೋಡಿದ್ದೇನೆ.

ಲಾಯರ್ ವಿಷಯ ಚುಟುಕಾಗಿ ಮುಗಿಸುತ್ತೇನೆ. ಅಜೆಂಡಾ ಪ್ರಕಟಿಸಲಿಲ್ಲ, ಸಭೆ ಸರಿಯಾಗಿ ಕರೆಯಲಿಲ್ಲ ಎಂಬಂಥ ತಪ್ಪು ನಡೆದಿದ್ದರೆ ಕೇಸಿನಲ್ಲಿ ಹುರುಳಿದೆ. "ತೀರ್ಮಾನ ನಮಗೆ ಹಿಡಿಸಲಿಲ್ಲ" ಎಂಬುದು ಕೇಸಲ್ಲ. ಶಾಲೆ ಮುಚ್ಚುವ ಅಧಿಕಾರ ಬೋರ್ಡಿನದು. ಹತ್ತಾರು ಸಾವಿರ ಡಾಲರ್ ಕರಗುತ್ತದೆ, ಕೇಸು ಮುಗಿಯುವ ಹೊತ್ತಿಗೆ ನಿಮ್ಮ ಮಗಳು ಮಿಡಲ್ ಸ್ಕೂಲಿನಲ್ಲಿರುತ್ತಾಳೆ. ಜೊತೆಗೆ, ಕೇಸು ಹಾಕಿದ ಮರುದಿನದಿಂದ ಡಿಸ್ಟ್ರಿಕ್ಟ್‌ನಲ್ಲಿ ಯಾರೂ ನಿಮ್ಮ ಜೊತೆ ಬಾಯಿ ಬಿಡುವುದಿಲ್ಲ. ವಕೀಲರು ಬಾಯಿ ಮುಚ್ಚಿಸಿರುತ್ತಾರೆ.

ನಾನು ನಿಮ್ಮ ಜಾಗದಲ್ಲಿದ್ದರೆ ಕಾಗದದ ದಾರಿ ಹಿಡಿಯುತ್ತಿದ್ದೆ. ಕ್ಯಾಲಿಫೋರ್ನಿಯಾದ ಸಾರ್ವಜನಿಕ ದಾಖಲೆ ಕಾಯ್ದೆಯಲ್ಲಿ, ಅಂದರೆ ನಮ್ಮ ಆರ್‌ಟಿಐ ಥರದ್ದರಲ್ಲಿ, ಯಾರು ಬೇಕಾದರೂ ದಾಖಲೆ ಕೇಳಬಹುದು. ಕೊಡುತ್ತೇವೋ ಇಲ್ಲವೋ ಎಂದು ಸಾಮಾನ್ಯವಾಗಿ ಹತ್ತು ದಿನದೊಳಗೆ ತಿಳಿಸಬೇಕು. ಪೌರತ್ವದ ಮಾತೇ ಇಲ್ಲ. ಎರಡೇ ಕಾಗದ ಕೇಳಿ. ಒಂದು, ಮುಂದಿನ ವರ್ಷಗಳಲ್ಲಿ ಎಷ್ಟು ಮಕ್ಕಳು ಬರುತ್ತಾರೆ ಎಂದು ಲೆಕ್ಕ ಹಾಕಿದ ವರದಿ. ನಿಮ್ಮ ಸುತ್ತ ಹೊಸ ಅಪಾರ್ಟ್‌ಮೆಂಟ್ ಏಳುತ್ತಿದ್ದರೆ ಅದನ್ನು ಸೇರಿಸಿದ್ದಾರಾ ನೋಡಿ. ಹಿಂದಿನ ವರ್ಷಗಳ ಅಂದಾಜು ಎಷ್ಟು ಸರಿಯಾಗಿತ್ತು ಅಂತಲೂ ಕೇಳಿ. ಇನ್ನೊಂದು, ಶಾಲೆಗಳ ಸಾಮರ್ಥ್ಯದ ಪಟ್ಟಿ. ತಪ್ಪು ಜಾಸ್ತಿ ಇರುವುದು ಇಲ್ಲೇ. ವಿಶೇಷ ಅಗತ್ಯದ ಮಕ್ಕಳ ಕ್ಲಾಸಿನಲ್ಲಿ ಹತ್ತು ಹನ್ನೆರಡು ಮಕ್ಕಳೇ ಕೂರುವುದು. ಅದನ್ನೂ ಮಾಮೂಲಿ ಕ್ಲಾಸ್ ಎಂದು ಎಣಿಸಿದರೆ ಶಾಲೆ ಅರ್ಧ ಖಾಲಿ ಇದ್ದ ಹಾಗೆ ಕಾಣುತ್ತದೆ. ಅಂಗಳದ ಪೋರ್ಟಬಲ್ ರೂಮುಗಳನ್ನು, ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ನೋಡಿಕೊಳ್ಳುವ ಆಫ್ಟರ್ ಸ್ಕೂಲ್‌ಗೆ ಕೊಟ್ಟ ರೂಮನ್ನು ಹೇಗೆ ಎಣಿಸಿದ್ದಾರೆ ನೋಡಿ. ಎಷ್ಟೋ ಸಲ ನಾವು ಆಫೀಸಿನಲ್ಲಿ ಕೂತು ನಕ್ಷೆ ನೋಡಿ ಎಣಿಸಿರುತ್ತೇವೆ. ನೀವು ದಿನಾ ಆ ಗೇಟಿನಲ್ಲಿ ನಿಲ್ಲುವವರು. ಹೀಗೇ ಒಮ್ಮೆ ಒಬ್ಬ ಅಜ್ಜಿ, ಮೊಮ್ಮಗನನ್ನು ಶಾಲೆಗೆ ಬಿಡುವವರು, ನಮ್ಮ ನಕ್ಷೆಯ ಮೇಲೆ ಬೆರಳಿಟ್ಟು "ಈ ದಾರಿಯಲ್ಲಿ ರೈಲು ಹಳಿ ದಾಟಬೇಕಲ್ಲ?" ಅಂದರು. ನಕ್ಷೆಯಲ್ಲಿ ದೂರ ಇತ್ತು, ಹಳಿ ಇರಲಿಲ್ಲ. ಯಾವ ಬೀದಿಯ ಮಕ್ಕಳು ಯಾವ ಶಾಲೆಗೆ ಎಂಬ ಗಡಿಯನ್ನು ಮತ್ತೆ ಬರೆದೆವು.

ಬಜೆಟ್ಟಿನ ಕ್ಯಾಲೆಂಡರ್ ಕೂಡ ಗೊತ್ತಿರಲಿ. ಡಿಸ್ಟ್ರಿಕ್ಟ್‌ಗಳು ಡಿಸೆಂಬರ್ 15ರೊಳಗೆ ಒಂದು, ಮಾರ್ಚ್ ಮಧ್ಯದ ಹೊತ್ತಿಗೆ ಇನ್ನೊಂದು ಹಣಕಾಸು ವರದಿ ಕೊಡಬೇಕು. ಆ ಮೀಟಿಂಗುಗಳಿಗೆ ಕುರ್ಚಿಗಳೇ ಪ್ರೇಕ್ಷಕರು. "ಮುಚ್ಚಬೇಕಾ" ಎಂಬ ಮೊದಲ ಪ್ರಶ್ನೆ ಗಟ್ಟಿಯಾಗುವುದು ಅಲ್ಲಿ. ಇಡೀ ವರ್ಷದ ಯೋಜನೆಗೆ ಎಲ್‌ಸಿಎಪಿ ಎಂಬ ದಾಖಲೆ ಇದೆ. ಅದಕ್ಕೆ ಪೋಷಕರ ಸಲಹಾ ಸಮಿತಿ ಇರಲೇಬೇಕು. ಆ ಸಮಿತಿ ಬರೆದು ಕೊಟ್ಟ ಮಾತಿಗೆ ಡಿಸ್ಟ್ರಿಕ್ಟ್‌ನ ಮುಖ್ಯಾಧಿಕಾರಿ, ಅಂದರೆ ಸೂಪರಿಂಟೆಂಡೆಂಟ್, ಬರೆದೇ ಉತ್ತರ ಕೊಡಬೇಕು. ಚೀಟಿ ಅಂಟಿಸುವುದಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ ನೋಡಿ. ಸಮಿತಿಯಲ್ಲಿ ಖಾಲಿ ಜಾಗ ಇದ್ದೇ ಇರುತ್ತದೆ, ಯಾರೂ ಅರ್ಜಿ ಹಾಕುವುದಿಲ್ಲ. ಅಪಾಯವೂ ಇದೆ. ತಿಂಗಳಿಗೆ ಒಂದು ಸಂಜೆ ಹೋಗುತ್ತದೆ, ಎಷ್ಟೋ ಸಲ ಬರೀ ಸ್ಲೈಡ್ ತೋರಿಸಿ ಕಳಿಸುತ್ತಾರೆ. ಕೊನೆಗೆ "ಪೋಷಕರ ಸಮಿತಿಯೂ ಒಪ್ಪಿದೆ" ಅನ್ನಲು ನಿಮ್ಮ ಹೆಸರು ಬಳಸಿಕೊಳ್ಳಬಹುದು. ಒಪ್ಪದಿದ್ದರೆ "ಒಪ್ಪಲಿಲ್ಲ" ಎಂದು ಅಂದೇ ನಡಾವಳಿಯಲ್ಲಿ ಬರೆಸಿ.

ವೋಟಿಲ್ಲ ಅಂದಿರಿ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2016ರಲ್ಲಿ ಜನ ಮತ ಹಾಕಿ, ಪೌರರಲ್ಲದ ಪೋಷಕರಿಗೂ ಸ್ಕೂಲ್ ಬೋರ್ಡ್ ಚುನಾವಣೆಯಲ್ಲಿ ಮತದ ಹಕ್ಕು ಕೊಟ್ಟಿದ್ದಾರೆ. ಅಲ್ಲೇ 2022ರಲ್ಲಿ ಬೋರ್ಡಿನ ಮೂವರನ್ನು ಅವಧಿಗೆ ಮುಂಚೆಯೇ ಜನ ಮನೆಗೆ ಕಳಿಸಿದರು. ನಿಮ್ಮ ಊರಿನಲ್ಲಿ ಆ ಹಕ್ಕು ಇಲ್ಲದಿದ್ದರೂ ಮಾತಾಡಲು, ದಾಖಲೆ ಕೇಳಲು, ಬೋರ್ಡ್ ಸದಸ್ಯರನ್ನು ಭೇಟಿಯಾಗಲು ಯಾರೂ ಪಾಸ್‌ಪೋರ್ಟ್ ಕೇಳುವುದಿಲ್ಲ. ಗ್ರೀನ್ ಕಾರ್ಡ್ ಕ್ಯೂನಲ್ಲಿರುವ ನಮ್ಮವರು "ನಮಗ್ಯಾಕೆ ಊರ ಉಸಾಬರಿ" ಅಂತ ಹಿಂದೆ ಸರಿಯುವುದನ್ನು ನೋಡಿದ್ದೇನೆ. ತೆರಿಗೆ ಕಟ್ಟುವುದು, ಮಗು ಓದುವುದು ಇಲ್ಲೇ ಅಲ್ವಾ?

ಎಲ್ಲ ಮಾಡಿದ ಮೇಲೂ ಶಾಲೆ ಮುಚ್ಚಬಹುದು. ಅದಕ್ಕೊಂದು ಕೈಚೀಟಿ ಈಗಲೇ ಬರೆದಿಟ್ಟುಕೊಳ್ಳಿ. ನಿಮ್ಮ ಶಾಲೆಯ ಮಕ್ಕಳನ್ನು ನಾಲ್ಕು ಕಡೆ ಚದುರಿಸದೆ ಒಂದೇ ಶಾಲೆಗೆ ಕಳಿಸಬೇಕು. ದೂರ ಆದವರಿಗೆ ಬಸ್ಸು ಬೇಕು, ಅದೂ ಎಷ್ಟು ವರ್ಷ ಎಂದು ಬರೆದು ಕೊಡಬೇಕು. ಆಫ್ಟರ್ ಸ್ಕೂಲ್‌ನಲ್ಲಿ ಈಗಿರುವ ಮಕ್ಕಳಿಗೆ ಅಲ್ಲೂ ಜಾಗ ಇರಬೇಕು. ಪರಿಚಯದ ಟೀಚರ್‌ಗಳಲ್ಲಿ ಕೆಲವರಾದರೂ ಜೊತೆಗೆ ಬರಬೇಕು. ಇವು ಸಣ್ಣ ಮಾತುಗಳ ಹಾಗೆ ಕಾಣುತ್ತವೆ. ಮಕ್ಕಳಿಗೆ ಇವೇ ದೊಡ್ಡವು. ಮತ ಹಾಕುವ ಮುಂಚೆ ಕೇಳಿದರೆ ಠರಾವಿನಲ್ಲೇ ಸೇರಿಸುತ್ತಾರೆ. ಆಮೇಲೆ ಕೇಳಿದರೆ "ನೋಡೋಣ" ಅನ್ನುತ್ತಾರೆ.

ಇನ್ನು ನಿಮ್ಮ ಎರಡು ನಿಮಿಷ. ಅಜೆಂಡಾ ಬಂದ ಕೂಡಲೇ ನಿಮ್ಮ ವಿಷಯದ ನಂಬರ್ ಹುಡುಕಿ, ಮಾತಾಡಲು ಹೆಸರು ಕೊಡುವ ಚೀಟಿಯಲ್ಲಿ ಆ ನಂಬರ್ ಬರೆದು ಕೊಡಿ. ಆಗ ಬೋರ್ಡ್ ಅದನ್ನು ಚರ್ಚಿಸುವ ಹೊತ್ತಿಗೇ ನಿಮ್ಮ ಸರದಿ ಬರುತ್ತದೆ, ಅವರು ನಿಮ್ಮ ಮಾತನ್ನು ಎತ್ತಿಕೊಳ್ಳಬಹುದು. ಶಾಲೆ ಎಷ್ಟು ಚೆನ್ನಾಗಿದೆ ಎಂದು ಹೇಳಬೇಡಿ, ಎಲ್ಲರೂ ಅದನ್ನೇ ಹೇಳುತ್ತಾರೆ. ಮನೆ ಬೆಲೆ ಬಿದ್ದುಹೋಗುತ್ತೆ ಎಂದು ಅಪ್ಪಿತಪ್ಪಿಯೂ ಹೇಳಬೇಡಿ. ನಿಜವಾದ ಚಿಂತೆಯೇ ಇರಬಹುದು, ಆದರೆ ಆ ಮಾತು ಬಂದ ಕೂಡಲೇ ಐದೂ ಮುಖ ಕಲ್ಲಾಗುವುದನ್ನು ನಾನು ಪಕ್ಕದ ಮೇಜಿನಿಂದ ಎಷ್ಟು ಸಲ ನೋಡಿದ್ದೇನೋ. ಮಗಳನ್ನು ಮೈಕಿನ ಮುಂದೆ ನಿಲ್ಲಿಸುವುದೂ ಬೇಡ. ಆಮೇಲೆ ಶಾಲೆ ಮುಚ್ಚಿದರೆ ತಾನು ಸರಿಯಾಗಿ ಮಾತಾಡದೇ ಇದ್ದದ್ದಕ್ಕೇ ಹೀಗಾಯಿತು ಅಂದುಕೊಳ್ಳುವ ಮಕ್ಕಳಿದ್ದಾರೆ.

ಒಂದು ಅಂಕಿ, ಒಂದು ಬೇಡಿಕೆ ಸಾಕು. "ವರದಿಯ ಇಂಥ ಪುಟದಲ್ಲಿ ನಮ್ಮ ಶಾಲೆಯಲ್ಲಿ ಇಷ್ಟು ಜಾಗ ಇದೆ ಎಂದಿದೆ. ಅದರಲ್ಲಿ ಎರಡು ರೂಮು ವಿಶೇಷ ಅಗತ್ಯದ ಮಕ್ಕಳದು. ಅದನ್ನು ಬಿಟ್ಟು ಮತ್ತೆ ಎಣಿಸಿ, ಮತ ಹಾಕುವ ಮುಂಚೆ ನಮಗೆ ತೋರಿಸಿ." ಇಷ್ಟೇ. ಉಳಿದ ಸಮಯವನ್ನು ಬಿಟ್ಟುಕೊಡಿ. ಇದೇ ಮಾತನ್ನು ಒಂದು ಪುಟದಲ್ಲಿ ಬರೆದು ಎರಡು ದಿನ ಮುಂಚೆಯೇ ಐವರಿಗೂ ಕಳಿಸಿರಿ. ಮತ್ತೆ, ಇಂಥ ವಿಷಯವನ್ನು ಸಾಮಾನ್ಯವಾಗಿ ಕೊನೆಗೆ ಇಟ್ಟಿರುತ್ತಾರೆ. ನಿಮ್ಮ ಸರದಿ ಬರುವಾಗ ರಾತ್ರಿ ಹತ್ತೂವರೆ ಆಗಬಹುದು. ಊಟ ಮುಗಿಸಿಕೊಂಡೇ ಹೋಗಿ.